ಮೂರು ಹಳೆಯ ಕಂಪ್ಯೂಟರು, ಒಂದು ವಿದ್ಯುತ್ ಬಿಲ್ಲು

ಪ್ರಶ್ನೆ: ಎರಡು ವರ್ಷದ ಹಿಂದೆ ನಮ್ಮ ಕಚೇರಿಯಲ್ಲಿ ಗುಜರಿಗೆ ಹಾಕುತ್ತಿದ್ದ ಡೆಸ್ಕ್‌ಟಾಪ್ ಒಂದನ್ನು ಹದಿನೈದು ನೂರು ರೂಪಾಯಿ ಕೊಟ್ಟು ಮನೆಗೆ ತಂದೆ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿ, ಮನೆಯವರೆಲ್ಲರ ಮೊಬೈಲಿನ ಫೋಟೊಗಳು ತಾವಾಗಿಯೇ ಬಂದು ಅದರಲ್ಲಿ ಸೇರುವಂತೆ ಮಾಡಿದೆ. ಅಲ್ಲಿಂದ ಹುಚ್ಚು ಹಿಡಿಯಿತು. ಈಗ ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ ಮೂರು ಕಂಪ್ಯೂಟರುಗಳು ಹಗಲಿರುಳು ಓಡುತ್ತಿವೆ. ನಾನು ರಾತ್ರಿ ಒಂದು ಗಂಟೆಯವರೆಗೂ ಏನನ್ನಾದರೂ ಬಿಚ್ಚಿ ಜೋಡಿಸುತ್ತಲೇ ಇರುತ್ತೇನೆ. ಗೃಹಜ್ಯೋತಿಯಿಂದಾಗಿ ಸೊನ್ನೆ ಬರುತ್ತಿದ್ದ ಬಿಲ್ಲು ಎರಡು ತಿಂಗಳಿಂದ ಪೂರ್ತಿ ಬರುತ್ತಿದೆ. ಕಳೆದ ವಾರ ಹೊಸ ಆವೃತ್ತಿ ಹಾಕಲು ಹೋಗಿ ಮಗಳ ಜವಳದ ಫೋಟೊಗಳನ್ನು ಅಳಿಸಿಕೊಂಡೆ. ‘ಇದು ಮನಿ ಏನು, ಗುಜರಿ ಅಂಗಡಿ ಏನು?’ ಎಂದು ಹೆಂಡತಿ ಕೇಳುತ್ತಾಳೆ. ಇದು ಚಟವೇ? ಎಲ್ಲವನ್ನೂ ಮಾರಿಬಿಡಲೇ?
– ಹೆಸರು ಬೇಡ, ಕಲಬುರಗಿ

ಉತ್ತರ: ಫೋಟೊಗಳ ಮಾತು ಮೊದಲು, ಏಕೆಂದರೆ ಅದಕ್ಕೆ ಹೊತ್ತು ಮೀರಬಾರದು. ಅಳಿಸಿಹೋದ ಹಾರ್ಡ್ ಡಿಸ್ಕಿಗೆ ಇನ್ನು ಏನನ್ನೂ ಬರೆಯಬೇಡಿ. ಯಂತ್ರವನ್ನು ಆರಿಸಿ, ಡಿಸ್ಕನ್ನು ಬಿಚ್ಚಿ ತೆಗೆದಿಡಿ. ಕಡತವನ್ನು ಅಳಿಸಿದಾಗ ಡಿಸ್ಕಿನಿಂದ ಹೋಗುವುದು ಅದರ ವಿಳಾಸ ಮಾತ್ರ. ಆ ಜಾಗದ ಮೇಲೆ ಬೇರೆಯದನ್ನು ಬರೆಯುವವರೆಗೆ ಚಿತ್ರ ಅಲ್ಲೇ ಇರುತ್ತದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶವನ್ನು ಬೇರೊಂದು ಕಂಪ್ಯೂಟರಿನಿಂದ ಓಡಿಸಿ, ಸಿಕ್ಕಿದ್ದನ್ನು ಬೇರೊಂದು ಡಿಸ್ಕಿಗೆ ತೆಗೆದುಕೊಳ್ಳಿ. ಕಡತಗಳ ಹೆಸರು ಉಳಿದಿರುವುದಿಲ್ಲ, ಚಿತ್ರಗಳು ಉಳಿದಿರಬಹುದು. ನಿಮ್ಮದು ತಿರುಗುವ ಹಾರ್ಡ್ ಡಿಸ್ಕ್ ಅಲ್ಲದೆ ಚಿಪ್ಪುಗಳಲ್ಲಿ ಬರೆದಿಡುವ ಎಸ್‌ಎಸ್‌ಡಿ ಆಗಿದ್ದರೆ ಆಸೆ ಕಡಿಮೆ, ಏಕೆಂದರೆ ಅಳಿಸಿದ ಜಾಗವನ್ನು ಅದು ತಾನಾಗಿಯೇ ಖಾಲಿ ಮಾಡಿಕೊಳ್ಳುತ್ತದೆ. ಇದರ ಜೊತೆಗೆ ಜವಳಕ್ಕೆ ಬಂದಿದ್ದ ನೆಂಟರಿಗೆಲ್ಲ ಫೋನು ಮಾಡಿ. ಯಾರಾದರೊಬ್ಬರ ಮೊಬೈಲಿನಲ್ಲಿ ಹತ್ತು ಫೋಟೊ ಇದ್ದೇ ಇರುತ್ತವೆ.

ಇನ್ನು ಬಿಲ್ಲು. ಈ ಹವ್ಯಾಸದವರು ಡಿಸ್ಕಿನ ವೇಗವನ್ನೂ ಮೆಮೊರಿಯ ಗಾತ್ರವನ್ನೂ ಬಾಯಿಪಾಠ ಹೇಳುತ್ತಾರೆ, ಆದರೆ ಯಂತ್ರ ಎಷ್ಟು ವಿದ್ಯುತ್ ತಿನ್ನುತ್ತದೆ ಎಂದು ಕೇಳಿದರೆ ತಡವರಿಸುತ್ತಾರೆ. ಅಳೆಯಲು ನಿಮ್ಮ ಮನೆಯ ಮೀಟರೇ ಸಾಕು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿಟುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಬಾರಿ ಮಿಟುಕುತ್ತದೆ ಎಂಬ ಸಂಖ್ಯೆಯೂ ಅಲ್ಲಿಯೇ ಅಚ್ಚಾಗಿರುತ್ತದೆ. ಆ ಸಂಖ್ಯೆ 3200 ಎಂದುಕೊಳ್ಳಿ. ಫ್ರಿಜ್ಜು, ಫ್ಯಾನು, ದೀಪಗಳನ್ನೆಲ್ಲ ಆರಿಸಿ, ಒಂದು ಕಂಪ್ಯೂಟರನ್ನು ಮಾತ್ರ ಓಡಲು ಬಿಟ್ಟು, ಗಡಿಯಾರ ಹಿಡಿದು ಹತ್ತು ನಿಮಿಷ ಎಣಿಸಿ. 32 ಬಾರಿ ಮಿಟುಕಿದರೆ ಹತ್ತು ನಿಮಿಷಕ್ಕೆ ಯೂನಿಟ್ಟಿನ ನೂರನೆಯ ಒಂದು ಭಾಗ ಖರ್ಚಾಯಿತು, ಅಂದರೆ ಆ ಯಂತ್ರ 60 ವ್ಯಾಟ್ ಎಳೆಯುತ್ತಿದೆ. ದಿನಕ್ಕೆ 1.44 ಯೂನಿಟ್, ತಿಂಗಳಿಗೆ 43 ಯೂನಿಟ್. ನಿಮ್ಮ ಮೂರೂ ಸೇರಿ 150 ವ್ಯಾಟ್ ಆದರೆ ತಿಂಗಳಿಗೆ 108 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮಂಥ ಮನೆಗೆ ಉಚಿತವಾಗಿ ಸಿಗುವುದು 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ 10 ಮಾತ್ರ. 200 ಯೂನಿಟ್ ದಾಟಿದ ತಿಂಗಳು ಬಿಲ್ಲು ಪೂರ್ತಿಯಾಗಿ ಬರುತ್ತದೆ. ನೀವು ಕೊಡುತ್ತಿರುವುದು ಆ 108 ಯೂನಿಟ್ಟಿನ ಬೆಲೆಯನ್ನಷ್ಟೇ ಅಲ್ಲ, ಅದರಿಂದಾಗಿ ತಪ್ಪಿಹೋದ ರಿಯಾಯಿತಿಯನ್ನೂ ಕೊಡುತ್ತಿದ್ದೀರಿ. ನಿಮ್ಮ ಮನೆಯವರ ಸಿಟ್ಟಿಗೆ ಲೆಕ್ಕದ ಆಧಾರವಿದೆ.

ಹಾಗೆಂದು ಎಲ್ಲವನ್ನೂ ಮಾರಬೇಕಾಗಿಲ್ಲ. ನಿಮ್ಮ ತೊಂದರೆಯ ಮೂಲ ಬೇರೆ ಕಡೆ ಇದೆ: ಮನೆಯವರು ನೆಚ್ಚಿಕೊಂಡಿರುವ ಯಂತ್ರವೂ ನೀವು ಆಡುವ ಯಂತ್ರವೂ ಒಂದೇ ಆಗಿದೆ. ಸರ್ವರ್ ಎಂದರೆ ಬೇರೆ ಯಂತ್ರಗಳು ಕೇಳಿದ್ದನ್ನು ಕೇಳಿದಾಗ ಕೊಡಲು ಸದಾ ಸಿದ್ಧವಿರುವ ಕಂಪ್ಯೂಟರು. ಅದರ ಗುಣವೇ ಬೇಸರ ಹುಟ್ಟಿಸುವಷ್ಟು ಸುಮ್ಮನಿರುವುದು. ಬಿಚ್ಚಿ ಕಟ್ಟುವವನಿಗೆ ಬೇಕಾದ ಯಂತ್ರದ ಗುಣ ಇದಕ್ಕೆ ತೀರಾ ವಿರುದ್ಧ. ಅದು ಕೆಡದಿದ್ದರೆ ಅವನು ಕಲಿಯುವುದೇನು? ಆದ್ದರಿಂದ ಮೂರರಲ್ಲಿ ಕಡಿಮೆ ವಿದ್ಯುತ್ ಎಳೆಯುವುದನ್ನು ಮನೆಯ ಸರ್ವರ್ ಎಂದು ಗೊತ್ತುಮಾಡಿ, ಅದಕ್ಕೆ ಡೆಬಿಯನ್ ಎಂಬ ಲಿನಕ್ಸಿನ ಸ್ಥಿರ ಆವೃತ್ತಿ ಹಾಕಿ, ಭದ್ರತೆಯ ತಿದ್ದುಪಡಿಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಮುಟ್ಟಬೇಡಿ. ಇನ್ನೊಂದನ್ನು ಆಟಕ್ಕೆ ಇಟ್ಟುಕೊಳ್ಳಿ. ಕೂತಾಗ ಹಾಕಿ, ಎದ್ದಾಗ ಆರಿಸಿ. ಮೂರನೆಯದರ ಡಿಸ್ಕು, ಮೆಮೊರಿಗಳನ್ನು ಬಿಡಿಭಾಗವಾಗಿ ಉಳಿಸಿಕೊಂಡು ಉಳಿದದ್ದನ್ನು ಗುಜರಿಗೆ ಕೊಡಿ. ಚಟವೋ ಅಲ್ಲವೋ ಎಂದು ಕೇಳಿದ್ದೀರಿ. ಮನೆಯ ಸರ್ವರನ್ನು ಹದಿನೈದು ದಿನ ಮುಟ್ಟದೆ ಇರಲು ಸಾಧ್ಯವಾದರೆ ಅಲ್ಲ.

ತಗಡಿನ ಕೋಣೆಯ ಬಗ್ಗೆ ಒಂದು ಮಾತು. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಇನ್ನೂ ಹೆಚ್ಚು, ಮುಚ್ಚಿದ ಪೆಟ್ಟಿಗೆಯೊಳಗಿನ ಡಿಸ್ಕಿಗೆ ಅದಕ್ಕಿಂತ ಹೆಚ್ಚು. ಸಾಮಾನ್ಯ ಹಾರ್ಡ್ ಡಿಸ್ಕುಗಳಿಗೆ ತಯಾರಕರು ಹೇಳುವ ಮಿತಿಯೇ 60 ಡಿಗ್ರಿಯ ಆಸುಪಾಸು. ಯಂತ್ರವನ್ನು ಕೆಳಗಿನ ಮನೆಗೆ ತನ್ನಿ; ಶಹಾಬಾದಿ ಫರಸಿಯ ನೆಲ ತಂಪೆಂದು ನೆಲದ ಮೇಲೆಯೇ ಇಡಬೇಡಿ, ಕಸ ಗುಡಿಸುವಾಗ ಏಳುವ ಧೂಳೆಲ್ಲ ಅದರ ಫ್ಯಾನಿಗೇ ಹೋಗುತ್ತದೆ. ಎರಡಡಿ ಎತ್ತರದ ಕಪಾಟು ಸಾಕು. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ: ಪ್ರೊಸೆಸರ್ ಮೇಲೆ ಕೂತು ಅದರ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಗಾಳಿ ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಹೀಟ್‌ಸಿಂಕನ್ನು ಎತ್ತಿ, ಅದಕ್ಕೂ ಪ್ರೊಸೆಸರಿಗೂ ನಡುವೆ ಒಣಗಿ ಸುಣ್ಣದಂತಾದ ಹಳೆಯ ಪೇಸ್ಟನ್ನು ಒರೆಸಿ, ತೊಗರಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಇಟ್ಟು ಕೂರಿಸಿ. ಅದಕ್ಕಿಂತ ಹೆಚ್ಚು ಬೇಡ.

ಬಿಚ್ಚಿದಾಗಲೇ ಮದರ್‌ಬೋರ್ಡಿನ ಮೇಲಿರುವ ಗುಂಡನೆಯ ಸೆಲ್ಲನ್ನೂ ಬದಲಿಸಿ. ಸಿಆರ್2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲಿಯೂ ಸಿಗುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಸರ್ವರ್ ಒಮ್ಮೆ ಕರೆಂಟು ಹೋಗಿ ಬಂದಮೇಲೆ ಏಳಲೇ ಇಲ್ಲ. ಎರಡು ದಿನ ಡಿಸ್ಕು, ಕೇಬಲ್ಲು, ಪವರ್ ಸಪ್ಲೈಗಳನ್ನೆಲ್ಲ ಬದಲಿಸಿ ನೋಡಿ, ಕೊನೆಗೆ ಮಾನಿಟರ್ ತಂದು ಜೋಡಿಸಿದರೆ, ದಿನಾಂಕ ತಪ್ಪಿದೆ, ಎಫ್1 ಒತ್ತಿ ಎಂದು ಅದು ತನ್ನ ಪಾಡಿಗೆ ಕೇಳುತ್ತ ಕುಳಿತಿತ್ತು. ಸೆಲ್ ಸತ್ತಿದ್ದರಿಂದ ‘ವಿದ್ಯುತ್ ಬಂದೊಡನೆ ತಾನಾಗಿ ಶುರುವಾಗು’ ಎಂಬ ನನ್ನ ಹೊಂದಿಕೆಯನ್ನೂ ಅದು ಮರೆತಿತ್ತು.

ನಿಮ್ಮ ಡಿಸ್ಕೂ ಹಳೆಯದೇ ಇರಬೇಕು. ಸ್ಮಾರ್ಟ್ ಎಂಬ ಸ್ವಪರೀಕ್ಷೆಯ ಪಟ್ಟಿಯಲ್ಲಿ 5 ಮತ್ತು 197 ಎಂಬ ಸಂಖ್ಯೆಯ ಸಾಲುಗಳನ್ನು ತಿಂಗಳಿಗೊಮ್ಮೆ ನೋಡಿ. ಮೊದಲನೆಯದು ಕೆಟ್ಟು ಬದಲಿಸಲಾದ ಜಾಗಗಳ ಎಣಿಕೆ, ಎರಡನೆಯದು ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವವುಗಳ ಎಣಿಕೆ. ಸೊನ್ನೆಯಿಂದ ಮೇಲೇರತೊಡಗಿದರೆ ಡಿಸ್ಕನ್ನು ಬದಲಿಸಿ. ಎರಡು ಡಿಸ್ಕುಗಳನ್ನು ಜೋಡಿಯಾಗಿ ಓಡಿಸುವ ರೇಡ್ ಇದ್ದರೂ ಅದು ನಕಲು ಪ್ರತಿಯಲ್ಲ, ನೀವು ಅಳಿಸಿದ್ದನ್ನು ಅದು ಎರಡೂ ಡಿಸ್ಕಿನಲ್ಲಿ ಶ್ರದ್ಧೆಯಿಂದ ಅಳಿಸುತ್ತದೆ. ಫೋಟೊಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಮನೆಯಲ್ಲಿ ಇರಲಿ. ನಿಮ್ಮ ಅತ್ತೆಯ ಮನೆಯ ಅಲಮಾರಿಯಾದರೂ ನಡೆಯುತ್ತದೆ.

ಪ್ರಶ್ನೆ: ಬಿ.ಎಸ್ಸಿ. ಓದುತ್ತಿದ್ದೇನೆ. ಅಪ್ಪ 2008ರಲ್ಲಿ ಕೊಂಡ ಕಂಪ್ಯೂಟರು ಮೂಲೆಯಲ್ಲಿದೆ, 2 ಜಿಬಿ ಮೆಮೊರಿ. ಅದನ್ನು ಸರ್ವರ್ ಮಾಡಬಹುದೇ, ಅಥವಾ ಬೇರೆ ಕೊಳ್ಳಬೇಕೇ?
– ಯಾದಗಿರಿಯ ವಿದ್ಯಾರ್ಥಿ

ಉತ್ತರ: ಕಲಿಯಲು ಧಾರಾಳವಾಗಿ ಸಾಕು. ಮೊದಲು ಅದು 64 ಬಿಟ್ಟಿನದೇ ಎಂದು ನೋಡಿ. ಪ್ರೊಸೆಸರ್ ಕೋರ್ 2 ಡ್ಯುಯೊ ಆಗಿದ್ದರೆ ಹೌದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನ್ನು 32 ಬಿಟ್ಟಿನ ಕಂಪ್ಯೂಟರಿಗೆ ಹೊಸದಾಗಿ ಹಾಕಲು ಬರುವುದಿಲ್ಲ. ಚಿತ್ರಮಯ ಪರದೆ ಬೇಡ, ಬರಿಯ ಕಮಾಂಡ್ ಸಾಲಿನಲ್ಲೇ ಕೆಲಸ ಮಾಡಿ. ಸಾಂಬಾ ಮೂಲಕ ಮನೆಯೊಳಗೆ ಕಡತ ಹಂಚುವುದು, ಜಾಹೀರಾತು ತಡೆಯುವ ಪೈ-ಹೋಲ್, ಸ್ವಂತದೊಂದು ಚಿಕ್ಕ ಜಾಲತಾಣ, ಇಷ್ಟಕ್ಕೆ 2 ಜಿಬಿ ಸಾಲುತ್ತದೆ. ಮುಖ ಗುರುತಿಸಿ ಫೋಟೊ ವಿಂಗಡಿಸುವ ಇಮ್ಮಿಚ್‌ನಂಥದ್ದಕ್ಕೆ ಸಾಲದು.

ಆದರೆ ಅಷ್ಟು ಹಳೆಯದನ್ನು ಹಗಲಿರುಳು ಓಡಿಸಬೇಡಿ, ಕಾರಣ ಮೇಲಿನ ಪತ್ರದಲ್ಲಿದೆ. ಕೊಳ್ಳುವುದಾದರೆ ಇದು ಒಳ್ಳೆಯ ಕಾಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಇಂಟೆಲ್‌ನ ಆರು ಮತ್ತು ಏಳನೆಯ ತಲೆಮಾರಿನ ಪ್ರೊಸೆಸರುಗಳು, ಕೆಲವನ್ನು ಬಿಟ್ಟರೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹೀಗಾಗಿ ಕಚೇರಿಗಳು ಕೈಬಿಡುತ್ತಿರುವ ಯಂತ್ರಗಳಲ್ಲಿ ಲಿನಕ್ಸಿಗೆ ಹೇಳಿ ಮಾಡಿಸಿದಂಥವು ಬಹಳ. ಪುಸ್ತಕದ ಗಾತ್ರದ ಚಿಕ್ಕ ಡೆಸ್ಕ್‌ಟಾಪ್ ಸಿಕ್ಕರೆ ತೆಗೆದುಕೊಳ್ಳಿ. ಕೊಳ್ಳುವ ಮೊದಲು ಮುಚ್ಚಳ ತೆಗೆಸಿ, ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿಲ್ಲವೆಂದು ನೋಡಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್ ತರುವುದಾದರೆ ಬ್ಯಾಟರಿ ಉಬ್ಬಿರಬಾರದು. ಟಚ್‌ಪ್ಯಾಡ್ ಮೇಲಕ್ಕೆ ಎದ್ದಂತೆ ಕಂಡರೆ ಅದನ್ನು ಮುಟ್ಟದೆ ಬನ್ನಿ.

ಪ್ರಶ್ನೆ: ನಮ್ಮ ಅಜ್ಜ ಹಾಡಿದ ತತ್ವಪದಗಳ ನಲವತ್ತು ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಯಂತ್ರ ಬೀದರಿನಲ್ಲಿ ಅವ್ವನ ಹತ್ತಿರ ಇದೆ, ನಾನು ಹೈದರಾಬಾದಿನಲ್ಲಿದ್ದೇನೆ. ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದರೂ ಹೊರಗಿನಿಂದ ತಲುಪಲಾಗುತ್ತಿಲ್ಲ.
– ಓದುಗ, ಬೀದರ್

ಉತ್ತರ: ರೂಟರಿನ ಪುಟದಲ್ಲಿ ಅದರ ಹೊರಗಿನ ವಿಳಾಸವನ್ನು ನೋಡಿ. ಅದು 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಶುರುವಾದರೆ, ನಿಮ್ಮ ಮನೆಗೆ ಅಂತರಜಾಲದಲ್ಲಿ ಸ್ವಂತ ವಿಳಾಸವೇ ಇಲ್ಲ. ವಿಳಾಸಗಳ ಕೊರತೆಯಿಂದ ಒಂದನ್ನೇ ನೂರಾರು ಮನೆಗಳಿಗೆ ಹಂಚಲು ಸೇವಾ ಕಂಪನಿಗಳಿಗೆಂದು 2012ರಲ್ಲಿ ಮೀಸಲಿಟ್ಟ ಸಂಖ್ಯೆಗಳವು. ಅಲ್ಲಿ ನೀವು ಪೋರ್ಟ್ ತೆರೆಯುವುದು, ಓಣಿಯ ಅಗಸಿ ಹಾಕಿರುವಾಗ ನಿಮ್ಮ ಮನೆಯ ಬಾಗಿಲನ್ನಷ್ಟೇ ತೆರೆದಿಟ್ಟಂತೆ. ತೆರೆದ ಪೋರ್ಟನ್ನು ಮುಚ್ಚಿಬಿಡಿ. ಬದಲಿಗೆ ಎರಡೂ ಕಡೆಯಿಂದ ಹೊರಕ್ಕೆ ಸಂಪರ್ಕ ಹೂಡಿ, ನಡುವೆ ಗೂಢಲಿಪಿಯ ಸುರಂಗ ಕಟ್ಟುವ ಟೇಲ್‌ಸ್ಕೇಲ್ ಬಳಸಿ. 

ಜಾಗದ ಚಿಂತೆ ಬೇಡ. ಸಿ.ಡಿ. ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಗಂಟೆಯ ನಲವತ್ತು ಕ್ಯಾಸೆಟ್ಟುಗಳಿಗೆ 25 ಜಿಬಿ, ಧ್ವನಿ ಕೆಡದಂತೆ ಕುಗ್ಗಿಸುವ ಫ್ಲಾಕ್ ರೂಪಕ್ಕೆ ತಂದರೆ ಅದಕ್ಕೂ ಬಹಳ ಕಡಿಮೆ. ಎಂಪಿ3 ಮಾಡಿ ಮೂಲವನ್ನು ಅಳಿಸಬೇಡಿ, ಕ್ಯಾಸೆಟ್ಟುಗಳನ್ನೂ ಎಸೆಯಬೇಡಿ.

ಮುಂದಿನ ಸಲ ಬೀದರಿಗೆ ಹೋದಾಗ ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಆ ಪೆಟ್ಟಿಗೆಗೆ ಅಂಟಿಸಿ: ಇದರಲ್ಲಿ ಅಜ್ಜನ ಹಾಡುಗಳಿವೆ, ಆರಿಸಬೇಕಾದರೆ ಈ ಗುಂಡಿಯನ್ನು ಒಮ್ಮೆ ಮಾತ್ರ ಒತ್ತಬೇಕು, ಪ್ಲಗ್ ಕೀಳಬಾರದು, ಇನ್ನೊಂದು ಪ್ರತಿ ಇಂಥವರ ಮನೆಯಲ್ಲಿದೆ. ಅವ್ವನಿಂದ ಒಮ್ಮೆ ನಿಮ್ಮೆದುರಿಗೇ ಆರಿಸಿ ಹಾಕಿಸಿ ನೋಡಿ.