ಹೆಂಗಸರ ನೇಯ್ಗೆ, ಕಸೂತಿಯನ್ನು ಬಹಳ ಕಾಲ ಕಲೆ ಅಂತ ಯಾಕೆ ಎಣಿಸಲಿಲ್ಲ?

ಅದನ್ನು ಮನೆಗೆಲಸದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು, ಅದಕ್ಕೇ. ಮನೆಯಲ್ಲಿ, ಸಂಬಳವಿಲ್ಲದೆ, ದಿನಬಳಕೆಗೆ ಮಾಡಿದ ಬಟ್ಟೆ ಉಟ್ಟು ಹೊದ್ದು ಸವೆದುಹೋಗುತ್ತಿತ್ತು. ಮಾಡಿದವಳ ಹೆಸರೂ ಹೆಚ್ಚಾಗಿ ಉಳಿಯುತ್ತಿರಲಿಲ್ಲ. ಚಿತ್ರಕ್ಕಾದರೆ ಸಹಿ ಇರುತ್ತೆ, ಚೌಕಟ್ಟು ಇರುತ್ತೆ, ಕೊಳ್ಳುವವರೂ ಇರುತ್ತಾರೆ ಅಲ್ವಾ?

ಸಂಸ್ಥೆಗಳೂ ಈ ಭೇದವನ್ನು ಗಟ್ಟಿ ಮಾಡಿದವು. 1768ರಲ್ಲಿ ಶುರುವಾದ ಲಂಡನ್ನಿನ ರಾಯಲ್ ಅಕಾಡೆಮಿ ಕೆಲವೇ ವರ್ಷಗಳಲ್ಲಿ ಸೂಜಿ ಕೆಲಸವನ್ನು ತನ್ನ ಪ್ರದರ್ಶನದಿಂದ ಹೊರಗಿಟ್ಟಿತು. ಹೊಸತನಕ್ಕೆ ಹೆಸರಾದ ಜರ್ಮನಿಯ ಬೌಹೌಸ್ ಕಲಾಶಾಲೆ ಕೂಡ ವಿದ್ಯಾರ್ಥಿನಿಯರನ್ನು ಜಾಸ್ತಿ ನೇಯ್ಗೆ ವಿಭಾಗಕ್ಕೇ ಕಳಿಸುತ್ತಿತ್ತು. ಅಲ್ಲಿ ಆನಿ ಆಲ್ಬರ್ಸ್ ಎಂಬ ವಿದ್ಯಾರ್ಥಿನಿ ಗಾಜಿನ ಕೆಲಸ ಕಲಿಯಲು ಬಯಸಿದ್ದರು, ಸಿಕ್ಕಿದ್ದು ಮಗ್ಗ. ಅದರಲ್ಲೇ ಎಂಥ ಕೆಲಸ ಮಾಡಿದರೆಂದರೆ, 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರೊಬ್ಬರದೇ ಪ್ರದರ್ಶನ ಇಟ್ಟಿತು.

ಈ ಮರೆತ ಚರಿತ್ರೆಯನ್ನೇ ವಿಷಯ ಮಾಡಿಕೊಂಡ ಕೃತಿ ಬೇಕಿದ್ದರೆ ಅಮೆರಿಕದ ಕಲಾವಿದೆ ಜೂಡಿ ಶಿಕಾಗೊ ಅವರ ‘ದಿ ಡಿನ್ನರ್ ಪಾರ್ಟಿ’ (1979) ನೋಡಿ. ಚರಿತ್ರೆ, ಪುರಾಣಗಳ 39 ಮಹಿಳೆಯರಿಗೆ ಹಾಕಿದ ಊಟದ ಮೇಜು ಅದು. ತಟ್ಟೆಗಳ ಬಗ್ಗೆಯೇ ಮಾತು ಜಾಸ್ತಿ. ನನಗೆ ಅವುಗಳ ಕೆಳಗಿನ ಬಟ್ಟೆಯೇ ದೊಡ್ಡದು: ಆಯಾ ಮಹಿಳೆಯ ಕಾಲದ ಹೊಲಿಗೆ, ಕಸೂತಿ ರೀತಿಗಳು ಅದರಲ್ಲಿವೆ. ಕೃತಿಗೆ ದುಡಿದವರ ಹೆಸರುಗಳನ್ನೂ ಫಲಕಗಳಲ್ಲಿ ಬರೆದಿದ್ದಾರೆ.