ಸಂಪಾದಕರ ಉತ್ತರ: ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲೇ ಯಾಕೆ ಕೂರುತ್ತಿದ್ದರು?

ನಮಸ್ಕಾರ.

ನಿಮ್ಮ ಪತ್ರವನ್ನೂ ಜೊತೆಗೆ ಕಳಿಸಿದ ಎರಡು ಅಧ್ಯಾಯಗಳನ್ನೂ ಓದಿದೆ. ನೆನಪುಗಳನ್ನು ಬರೆಯಲು ಕೂತ ಎಷ್ಟೋ ಜನರಿಗೆ ಇದೇ ಪ್ರಶ್ನೆ ಇರುತ್ತದೆ. ಹಾಗಾಗಿ ಉತ್ತರವನ್ನು ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. ನೀವು ಬಾಲ್ಯದಿಂದ ಕಾಲೇಜು ಮುಗಿಯುವವರೆಗಿನ ನಿಮ್ಮ ಕಥೆ ಬರೆಯುತ್ತಿದ್ದೀರಿ. ಅದನ್ನು ಓದಿದ ಗೆಳತಿಯೊಬ್ಬರು, "ಗದರುವ ಅಪ್ಪ, ಮುದ್ದು ಮಾಡುವ ಅಜ್ಜಿ, ದಾರಿ ತೋರಿಸಿದ ಮೇಷ್ಟ್ರು, ಹಾದಿ ತಪ್ಪಿಸಿದ ಸ್ನೇಹಿತೆ, ಧೈರ್ಯದ ಅತ್ತೆ... ಇವರನ್ನೆಲ್ಲ ಮೊದಲೇ ಎಲ್ಲೋ ನೋಡಿದ ಹಾಗಿದೆ" ಅಂದರಂತೆ. ಅದು ನಿಮಗೆ ಚುಚ್ಚಿದೆ. "ನನ್ನ ಬದುಕಿನಲ್ಲಿ ಇದ್ದವರೇ ಹಾಗಿದ್ದರು. ಹೊಸದಾಗಿ ಕಾಣಲಿ ಅಂತ ಸುಳ್ಳು ಬರೆಯಲಾ?" ಎಂದು ಕೇಳಿದ್ದೀರಿ. ಬರವಣಿಗೆಯ ಶಿಬಿರವೊಂದರಲ್ಲಿ ಕೊಟ್ಟ ಹನ್ನೆರಡು ಆರ್ಕಿಟೈಪ್‌ಗಳ (ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಪಾತ್ರದ ಅಚ್ಚುಗಳ) ಪಟ್ಟಿ ಇಟ್ಟುಕೊಂಡು ಎಲ್ಲರನ್ನೂ ಮತ್ತೆ ಹೊಂದಿಸಲಾ ಅಂತಲೂ ಕೇಳಿದ್ದೀರಿ.

ಸುಳ್ಳು ಬೇಡ. ಪಟ್ಟಿಯೂ ಬೇಡ. ಆದರೆ ನಿಮ್ಮ ಗೆಳತಿ ಹೇಳಿದ್ದರಲ್ಲಿ ಸತ್ಯ ಇದೆ.

ಪಟ್ಟಿಯ ಮಾತು ಮೊದಲು ಮುಗಿಸೋಣ. ಆರ್ಕಿಟೈಪ್ ಅಂದ ಕೂಡಲೇ ಮನೋವಿಜ್ಞಾನಿ ಕಾರ್ಲ್ ಯೂಂಗ್ ಹೆಸರು ಬರುತ್ತದೆ. ತಾಯಿ, ವಿವೇಕಿ ಮುದುಕ, ನೆರಳು ಮುಂತಾದ ಬಿಂಬಗಳ ಬಗ್ಗೆ ಅವರು ಬರೆದದ್ದು ನಿಜ. ಹನ್ನೆರಡೇ ಅಂತ ಲೆಕ್ಕ ಕಟ್ಟಿಕೊಟ್ಟವರು ಮಾತ್ರ ಆಮೇಲೆ ಬಂದವರು. ಬರೆಯುವವರಿಗೆ ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ರಷ್ಯಾದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಜನಪದ ಮಾಯಾಕಥೆಗಳನ್ನು ಬಿಡಿಸಿ ನೋಡಿದರು. ಕೇಡು ಮಾಡುವುದು, ಕಾಣಿಕೆ ಕೊಡುವುದು, ನೆರವಿಗೆ ನಿಲ್ಲುವುದು, ನಾಯಕನನ್ನು ಮನೆಯಿಂದ ಹೊರಡಿಸುವುದು, ಹೀಗೆ ಪಾತ್ರಗಳ ಕೆಲಸವನ್ನು 7 ಬಗೆಯಾಗಿ ವಿಂಗಡಿಸಿದರು. ಜನ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ಪ್ರಾಪ್ ನಿಲ್ಲಿಸಲಿಲ್ಲ. ಒಬ್ಬನೇ ಎರಡು ಮೂರು ಬಗೆಯ ಕೆಲಸ ಮಾಡಬಹುದು, ಒಂದೇ ಬಗೆಯ ಕೆಲಸ ಹಲವರ ನಡುವೆ ಹಂಚಿಹೋಗಬಹುದು ಅಂತಲೂ ಹೇಳಿದರು. ಮಾಯಾಕಥೆಯಲ್ಲೇ ಇಷ್ಟು ಸಡಿಲ ಇರುವಾಗ, ನಿಜವಾಗಿ ಬದುಕಿದ್ದ ಮನುಷ್ಯರನ್ನು ತಲೆಗೊಂದು ಕೆಲಸ ಅಂತ ಕಟ್ಟಿಹಾಕುವುದು ಸರಿಯಲ್ಲ, ಅಲ್ವಾ?

ಮಕ್ಕಳು ಜನರನ್ನು ಗುರುತಿಸುವುದೇ ಅವರು ತಮಗೆ ಏನು ಮಾಡುತ್ತಾರೆ ಅನ್ನುವುದರಿಂದ. ಇವರು ಬೈಯುವವರು, ಇವರು ಕಥೆ ಹೇಳುವವರು, ಇವರು ಬಿಡಿಸಿಕೊಳ್ಳಲು ಬರುವವರು. ಅಪ್ಪನಿಗೂ ಯಾರದೋ ಭಯ ಇರಬಹುದು ಅಂತ ಏಳು ವರ್ಷದ ಮಗುವಿಗೆ ಹೊಳೆಯುವುದೇ ಇಲ್ಲ. ಹಾಗಾಗಿ ಅಜ್ಜಿ ನಿಮಗೆ ಬರೀ ಮುದ್ದಿನ ಅಜ್ಜಿಯಾಗಿ ಕಂಡದ್ದು ಸುಳ್ಳಲ್ಲ. ಆ ವಯಸ್ಸಿಗೆ ಅಷ್ಟೇ ಕಾಣುತ್ತಿತ್ತು. ತೊಂದರೆ ಇರುವುದು ಬೇರೆ ಕಡೆ. ನಿಮ್ಮ ಮೊದಲ ಅಧ್ಯಾಯದಲ್ಲಿ ನಿಮಗೆ ಎಂಟು ವರ್ಷ, ಎರಡನೆಯದರಲ್ಲಿ ಹದಿನೇಳು. ಎರಡರಲ್ಲೂ ಅಪ್ಪ ಅದೇ ಅಪ್ಪ, ಅಜ್ಜಿ ಅದೇ ಅಜ್ಜಿ. ನೀವು ಬೆಳೆದಿರಿ ಅಂತ ಬರೆದಿದ್ದೀರಿ, ಆದರೆ ಅವರನ್ನು ನೋಡುವ ಕಣ್ಣು ಎಂಟು ವರ್ಷದ್ದಾಗಿಯೇ ಉಳಿದಿದೆ. ಸುತ್ತಲಿನ ಜನ ಒಬ್ಬೊಬ್ಬರಾಗಿ ತಮ್ಮ ಪಾತ್ರದಿಂದ ಹೊರಗೆ ಕಾಲಿಡುವುದನ್ನು ನೋಡುತ್ತಲೇ ಮಗು ದೊಡ್ಡದಾಗುತ್ತದೆ ಅನ್ನುವುದು ನನ್ನ ನಂಬಿಕೆ. ಅಂಥ ಗಳಿಗೆಗಳು ನಿಮಗೂ ಬಂದಿರಲೇಬೇಕು. ಬರೆಯುವಾಗ ಅವೇ ಕೈತಪ್ಪಿವೆ.

ಇದು ಹೇಗೆ ಸಾಧ್ಯ ಅಂತ ನೋಡಲು ರಷ್ಯಾದ ಲೇಖಕ ಮಕ್ಸಿಂ ಗೋರ್ಕಿ 1913-14ರಲ್ಲಿ ಪ್ರಕಟಿಸಿದ ಬಾಲ್ಯದ ಆತ್ಮಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ. ಅದರಲ್ಲೂ ಕಥೆ ಹೇಳುವ ಅಜ್ಜಿ ಇದ್ದಾಳೆ, ಹೊಡೆಯುವ ಅಜ್ಜ ಇದ್ದಾನೆ. ನಿಮ್ಮ ಗೆಳತಿ ನೋಡಿದರೆ "ಇವರೂ ಗೊತ್ತು" ಅನ್ನಬಹುದು. ಅಜ್ಜನದು ಬಟ್ಟೆಗೆ ಬಣ್ಣ ಹಾಕುವ ಕಸುಬು. ಹುಡುಗ ಹಬ್ಬದ ಮೇಜುಬಟ್ಟೆಯೊಂದನ್ನು ನೀಲಿ ಬಣ್ಣದ ತೊಟ್ಟಿಯಲ್ಲಿ ಅದ್ದಿಬಿಡುತ್ತಾನೆ. ಅಜ್ಜ ಅವನಿಗೆ ಎಚ್ಚರ ತಪ್ಪುವವರೆಗೆ ಬಾರಿಸುತ್ತಾನೆ. ಹುಡುಗ ಕಾಯಿಲೆ ಬಿದ್ದು ಮಲಗುತ್ತಾನೆ. ಒಂದು ದಿನ ಅಜ್ಜ ಬಂದು ಹಾಸಿಗೆಯ ಪಕ್ಕ ಕೂರುತ್ತಾನೆ. ಹುಡುಗನಿಗೆ ಅವನನ್ನು ಒದೆಯಬೇಕು ಅನ್ನಿಸುತ್ತದೆ. ಅಜ್ಜ ತಂದ ತಿನಿಸುಗಳನ್ನು ತಲೆದಿಂಬಿನ ಹತ್ತಿರ ಇಟ್ಟು ಮಾತು ತೆಗೆಯುತ್ತಾನೆ. ತಾನೂ ಏಟು ತಿಂದವನೇ ಅನ್ನುತ್ತಾನೆ. ವೋಲ್ಗಾ ನದಿಯ ದಂಡೆಯಲ್ಲಿ ಹೆಗಲಿಗೆ ಹಗ್ಗ ಹಾಕಿಕೊಂಡು ಸರಕಿನ ದೋಣಿಗಳನ್ನು ಎಳೆದ ದಿನಗಳನ್ನು ಹೇಳುತ್ತಾ ಹೋಗುತ್ತಾನೆ. ನಡುವೆ ಯಾರೋ ಬಾಗಿಲಲ್ಲಿ ಇಣುಕಿ ಅಜ್ಜನನ್ನು ಕರೆಯುತ್ತಾರೆ. ಆಗ ಹುಡುಗನೇ "ಹೋಗಬೇಡ" ಅನ್ನುತ್ತಾನೆ.

ಈ ಭಾಗವನ್ನು ನಿಧಾನವಾಗಿ ಓದಿ. ಅಜ್ಜ ಇಲ್ಲಿ ಒಳ್ಳೆಯವನಾಗಿ ಬದಲಾಗುವುದಿಲ್ಲ. ಅವನು ಕೆಟ್ಟವನಲ್ಲ ಅಂತ ಹುಡುಗನಿಗೆ ಗೊತ್ತಾಗುತ್ತದೆ, ಆದರೆ ಹೊಡೆದವನು ಇವನೇ ಅನ್ನುವುದನ್ನು ಮರೆಯಲೂ ಆಗುವುದಿಲ್ಲ. ಎರಡನ್ನೂ ಗೋರ್ಕಿ ಪಕ್ಕಪಕ್ಕದಲ್ಲೇ ಇಡುತ್ತಾರೆ. ಮುಂದೆ ಅಕ್ಷರ ಕಲಿಸುವವನೂ ಇದೇ ಅಜ್ಜ. ಕೊನೆಗೆ ತಾಯಿ ಸತ್ತ ಮೇಲೆ, ಇನ್ನು ಹೊರಗೆ ಹೋಗಿ ದುಡಿದು ಬದುಕು ಅಂತ ಮೊಮ್ಮಗನನ್ನು ಮನೆಯಿಂದ ಕಳಿಸುವವನೂ ಅವನೇ. ಕೇಡು ಮಾಡುವವನು, ಕಾಣಿಕೆ ಕೊಡುವವನು, ಮನೆಯಿಂದ ಹೊರಡಿಸುವವನು, ಪ್ರಾಪ್ ಹೇಳಿದ ಮೂರು ಕೆಲಸ ಒಬ್ಬನಲ್ಲೇ ಇವೆ. ಇದಕ್ಕಾಗಿ ಯಾವ ಸುಳ್ಳೂ ಬೇಕಾಗಲಿಲ್ಲ. ಮೊಮ್ಮಗ ಹುಟ್ಟುವ ಮೊದಲೂ ಅಜ್ಜನಿಗೊಂದು ಬದುಕಿತ್ತು. ಅದಕ್ಕೊಂದು ಪುಟ ಸಿಕ್ಕಿತು, ಅಷ್ಟೇ.

ಈಗ ನಿಮ್ಮ ಅತ್ತೆಯ ಹತ್ತಿರ ಬರೋಣ. ನೀವು ಮುಂದೆ ಓದಬೇಕು ಅಂತ ಅಪ್ಪನ ಎದುರು ನಿಂತು ವಾದ ಮಾಡಿದವರು. ಅವರ ಬಗ್ಗೆ ಬರೆದ ಪುಟದಲ್ಲಿ ಧೈರ್ಯ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ನಾನು ಅದನ್ನು ಓದಿ ಮುಂದೆ ಹೋದೆ, ನಿಲ್ಲಲಿಲ್ಲ. ನನ್ನನ್ನು ನಿಲ್ಲಿಸಿದ್ದು ನೀವು ಹಾಗೇ ಸುಮ್ನೆ ಬರೆದಿರುವ ಒಂದು ಸಾಲು. ಅತ್ತೆ ಯಾವಾಗ ಬಂದರೂ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು, ಎದ್ದು ಹೋಗುವವರೆಗೂ ಕೈಚೀಲ ಮಡಿಲಲ್ಲೇ ಇರುತ್ತಿತ್ತು ಅಂದಿದ್ದೀರಿ. ಯಾಕೆ? ಅಣ್ಣನ ಮನೆಯಲ್ಲಿ ಅವರು ಅಷ್ಟು ಹಗುರಾಗಿ, ಯಾವಾಗ ಬೇಕಾದರೂ ಎದ್ದು ಹೊರಡುವ ಹಾಗೆ ಯಾಕೆ ಕೂರಬೇಕಿತ್ತು? ನಿಮ್ಮ ಓದಿನ ಪರವಾಗಿ ಮಾತಾಡಿದ ದಿನವೂ ಅದೇ ಕುರ್ಚಿಯಲ್ಲಿದ್ದರಾ? ಆ ಜಗಳ ಆದ ಮೇಲೆ ಮತ್ತೆ ಎಷ್ಟು ದಿನಕ್ಕೆ ಬಂದರು? ಉತ್ತರ ನಿಮಗೆ ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ, ಗೊತ್ತಿರುವವರು ಇನ್ನೂ ಇದ್ದರೆ, ಕೇಳಿ. ಕೇಳಲು ಯಾರೂ ಉಳಿದಿಲ್ಲ ಅಂದರೆ ಆ ಪ್ರಶ್ನೆಯನ್ನೇ ಪುಟದ ಮೇಲೆ ಇಡಿ. ಊಹಿಸಿ ತುಂಬಬೇಡಿ. ಆ ಸಾಲು ಇರುವ ತನಕ ನಿಮ್ಮ ಅತ್ತೆಯನ್ನು ಬೇರೆ ಯಾರ ಪುಸ್ತಕಕ್ಕೂ ಎತ್ತಿ ಹಾಕಲು ಬರುವುದಿಲ್ಲ.

ಮೇಷ್ಟ್ರ ಪಾತ್ರ ನನಗೆ ಎಲ್ಲರಿಗಿಂತ ತೆಳುವಾಗಿ ಕಂಡಿತು. ಉಪಕಾರ ಮಾಡಿದವರ ಬಗ್ಗೆ ಬರೆಯುವಾಗ ಹೀಗಾಗುವುದು ಜಾಸ್ತಿ. ಕೃತಜ್ಞತೆಯಿಂದ ಅವರನ್ನು ಎತ್ತರದಲ್ಲಿ ಕೂರಿಸುತ್ತೇವೆ, ಅಲ್ಲಿಂದ ಅವರ ಮುಖ ಕಾಣುವುದಿಲ್ಲ. ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲರ್ ತಮ್ಮ ಗುರು ಆ್ಯನ್ ಸಲಿವನ್ ಬಗ್ಗೆ ತುಂಬು ಪ್ರೀತಿಯಿಂದ ಬರೆದರು. ಆದರೆ 1903ರಲ್ಲಿ ಬಂದ ಅವರ ಆತ್ಮಕಥೆಯ ಪುಸ್ತಕದಲ್ಲಿ ಸಲಿವನ್ ಬರೆದ ಪತ್ರಗಳೂ ಇವೆ. 1887ರ ಮಾರ್ಚ್‌ನಲ್ಲಿ ಪಾಠ ಹೇಳಲು ಬಂದಾಗ ಸಲಿವನ್ ಅವರಿಗೆ 20 ವರ್ಷ. ಆ ತಿಂಗಳ ಒಂದು ಪತ್ರದಲ್ಲಿ ಊಟದ ಮೇಜಿನ ಜಗಳ ಇದೆ. ಹುಡುಗಿ ಎಲ್ಲರ ತಟ್ಟೆಗೂ ಕೈ ಹಾಕುತ್ತಾಳೆ, ಸಲಿವನ್ ಬಿಡುವುದಿಲ್ಲ, ಮನೆಯವರು ಎದ್ದು ಹೋಗುತ್ತಾರೆ. ಬಾಗಿಲು ಹಾಕಿಕೊಂಡು ಇಬ್ಬರೂ ಬಹಳ ಹೊತ್ತು ಹಟಕ್ಕೆ ಬೀಳುತ್ತಾರೆ. ಕೊನೆಗೆ ಮಗು ಚಮಚದಲ್ಲಿ ತಿನ್ನುತ್ತದೆ. ಗೆದ್ದ ಗುರು ಕೋಣೆಗೆ ಹೋಗಿ ಹಾಸಿಗೆ ಮೇಲೆ ಬಿದ್ದು ಅಳುತ್ತಾರೆ. ಹೀಗೆ ಅತ್ತ ಗುರುವಿನ ಮೇಲೆ ನನಗಿರುವ ಗೌರವ ಇನ್ನೂ ಹೆಚ್ಚಾಯಿತು. ನಿಮ್ಮ ಮೇಷ್ಟ್ರು ನಿಮಗೆ ಪಾಠ ಹೇಳಿ ಆದ ಮೇಲೆ ಎಲ್ಲಿಗೆ ಹೋಗುತ್ತಿದ್ದರು? ಯಾವತ್ತಾದರೂ ಸಿಡುಕಿದ್ದರಾ?

ಹಾದಿ ತಪ್ಪಿಸಿದ ಸ್ನೇಹಿತೆಯ ಬಗ್ಗೆ ಒಂದೇ ಮಾತು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಮಾಂಸದ ರುಚಿ ಹತ್ತಿಸಿದ ಗೆಳೆಯನ ಹೆಸರು ಹೇಳುವುದಿಲ್ಲ. ಆದರೆ ಆ ಗೆಳೆಯ ಎಷ್ಟು ವೇಗವಾಗಿ ಓಡುತ್ತಿದ್ದ, ಎಷ್ಟು ಎತ್ತರ ಜಿಗಿಯುತ್ತಿದ್ದ ಅನ್ನುವುದನ್ನು ಹೇಳುತ್ತಾರೆ. ಕತ್ತಲೆಗೆ, ಕಳ್ಳರಿಗೆ, ದೆವ್ವಕ್ಕೆ ತಾವು ಎಷ್ಟು ಹೆದರುತ್ತಿದ್ದರು ಅನ್ನುವುದನ್ನೂ ಹೇಳುತ್ತಾರೆ. ಅವರು ಯಾಕೆ ಅವನ ಹಿಂದೆ ಹೋದರು ಅಂತ ಬೇರೆ ವಿವರಿಸಬೇಕಾಗಿಲ್ಲ. ನಿಮ್ಮ ಅಧ್ಯಾಯದಲ್ಲಿ ಆ ಸ್ನೇಹಿತೆ ಏನು ಕೆಡಿಸಿದಳು ಅನ್ನುವುದು ಪೂರ್ತಿ ಇದೆ. ಅವಳಲ್ಲಿ ನಿಮಗೆ ಏನು ಹಿಡಿಸಿತ್ತು ಅನ್ನುವುದು ಇಲ್ಲವೇ ಇಲ್ಲ. ಅವಳು ತನ್ನ ಕಥೆ ಬರೆದರೆ ಅದರಲ್ಲಿ ನಿಮಗೆ ಯಾವ ಪಾತ್ರ ಕೊಡುತ್ತಾಳೆ? ಇದನ್ನೂ ಯೋಚಿಸಿ.

ಇಬ್ಬರು ಮೇಷ್ಟ್ರನ್ನು ಸೇರಿಸಿ ಒಬ್ಬರನ್ನಾಗಿ ಮಾಡಬಹುದಾ ಅಂತ ಕೇಳಿದ್ದೀರಿ. ಬೇಡ ಅನ್ನುತ್ತೇನೆ. ಸೇರಿಸಿದರೆ ಸಿಗುವುದು ಸರಾಸರಿ ಮೇಷ್ಟ್ರು. ಮಾಡಲೇಬೇಕಾದರೆ ಪುಸ್ತಕದ ಮೊದಲಲ್ಲೇ ಓದುಗರಿಗೆ ಹೇಳಿಬಿಡಿ.

ಕೊನೆಯದಾಗಿ, ನೀವು ಪತ್ರದ ಕೊನೆಗೆ ಎರಡೇ ಸಾಲಿನಲ್ಲಿ ಹೇಳಿರುವ ಆ ಸಂಬಂಧಿಕನ ವಿಚಾರ. ಅವನಿಗೂ ಇನ್ನೊಂದು ಮುಖ ತೋರಿಸಬೇಕಾ ಅಂತ ಹೆದರಿ ಕೇಳಿದ್ದೀರಿ. ತೋರಿಸಬೇಕಾಗಿಲ್ಲ. ಮೇಲೆ ಹೇಳಿದ್ದೆಲ್ಲ ನೀವು ಕಂಡದ್ದನ್ನು ಬಿಟ್ಟಿದ್ದರೆ ಸೇರಿಸಿ ಅಂತ. ಕಾಣದೇ ಇದ್ದ ಒಳ್ಳೆಯತನವನ್ನು ಹುಟ್ಟಿಸಿ ಅಂತ ಅಲ್ಲ. ನಿಮ್ಮನ್ನು ನೋಯಿಸಿದವನಿಗೆ ನ್ಯಾಯ ಒದಗಿಸುವ ಹೊರೆ ನಿಮ್ಮ ಮೇಲಿಲ್ಲ. ರಾಕ್ಷಸ ಅನ್ನುವಂಥ ಮಾತುಗಳನ್ನು ಬಿಟ್ಟು, ಅವನು ಏನು ಮಾಡಿದ, ಏನು ಅಂದ, ಆಗ ಮನೆಯಲ್ಲಿ ಯಾರು ಯಾರು ಇದ್ದರು, ಇಷ್ಟು ಬರೆದರೆ ಸಾಕು. ಅದನ್ನೂ ಈಗಲೇ ಬರೆಯಬೇಕು ಅಂತೇನಿಲ್ಲ. ಬರೆದರೆ ಹೆಸರು, ಊರು, ಕೆಲಸ ಬದಲಿಸಿ. ಅಚ್ಚಿಗೆ ಕೊಡುವ ಮೊದಲು ವಕೀಲರೊಬ್ಬರಿಗೆ ತೋರಿಸಿ. ಸದ್ಯಕ್ಕೆ ಅತ್ತೆಯ ಅಧ್ಯಾಯವನ್ನು ತಿದ್ದಿ ಕಳಿಸಿ. ಪುಟ ಎಷ್ಟಾದರೂ ಸರಿ, ಓದುತ್ತೇನೆ.

- ಸಂಪಾದಕ