ಅಮ್ಮನ ಹೃದಯದ ಆಪರೇಷನ್‌ಗೆ ಆಯುಷ್ಮಾನ್ ಕಾರ್ಡ್ ತೋರಿಸಿದರೆ ಸಾಕಾ?

ಬಿಪಿಎಲ್ ಕಾರ್ಡ್ ಇದೆ, ಅಮ್ಮನಿಗೆ ವಾಲ್ವ್ ಆಪರೇಷನ್ ಆಗಬೇಕು, ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ.

ನಮ್ಮಪ್ಪನ ಬೈಪಾಸ್ ಆದಾಗ ನಾವು ಉಲ್ಟಾ ಮಾಡಿದೆವು. ಯಾರೋ ಒಳ್ಳೆ ಡಾಕ್ಟರ್ ಇದ್ದಾರೆ ಅಂದರು ಅಂತ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿ, ಅಡ್ವಾನ್ಸ್ ಕಟ್ಟಿ, ಕಾರ್ಡ್ ವಿಷಯ ಆಮೇಲೆ ನೋಡೋಣ ಅಂತ ಅವರು ಹೇಳಿದ್ದನ್ನು ನಂಬಿಕೊಂಡು ಕೂತೆವು. ಡಿಸ್ಚಾರ್ಜ್ ದಿನ ಕೇಳಿದರೆ 'ರೆಫರಲ್ ಚೀಟಿ ಎಲ್ಲಿ?' ಅಂದರು, ಅಂದರೆ ಸರ್ಕಾರಿ ಆಸ್ಪತ್ರೆಯಿಂದ ಮೊದಲೇ ಬರೆಸಿಕೊಂಡು ಬರಬೇಕಾದ ಶಿಫಾರಸು ಚೀಟಿ. ಕಾರ್ಡ್ ಕೈಯಲ್ಲಿದ್ದೂ ಅಮ್ಮನ ಸರ ಅಡ ಇಟ್ಟೆವು. ನಿಮಗೆ ಹಾಗಾಗಬಾರದು.

ನಮ್ಮ ಕರ್ನಾಟಕದಲ್ಲಿ ಆಯುಷ್ಮಾನ್ ಕಾರ್ಡ್‌ನ ಈ ಯೋಜನೆ ನಡೆಯೋದು ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ. ಚಿಕಿತ್ಸೆಯ ಹಣವನ್ನು ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಕೊಡುತ್ತದೆ, ನಮ್ಮ ಕೈಗೆ ಬರೋದಿಲ್ಲ. ಅದಕ್ಕೇ ಮೊದಲು ಬಿಲ್ ಕಟ್ಟಿ ಆಮೇಲೆ ವಾಪಸ್ ತಗೊಳ್ಳೋಣ ಅನ್ನೋ ಲೆಕ್ಕಾಚಾರ ಇಲ್ಲಿ ಇಟ್ಟುಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ಇದ್ದರೆ ಅಲ್ಲೇ ಮಾಡುತ್ತಾರೆ. ಇಲ್ಲದಿದ್ದರೆ ರೆಫರಲ್ ಬರೆದುಕೊಡುತ್ತಾರೆ, ಆಮೇಲೆ ಯೋಜನೆಗೆ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಜೀವಕ್ಕೆ ಅಪಾಯ ಇರುವ ತುರ್ತು ಸ್ಥಿತಿಗಳಿಗೆ ಬೇರೆಯೇ ಪಟ್ಟಿ ಇದೆ, ಆಗ ಮಾತ್ರ ರೆಫರಲ್ ಬೇಡ, ಆದರೆ ಆಗಲೂ ಆಸ್ಪತ್ರೆ ನೋಂದಾಯಿತವೇ ಆಗಿರಬೇಕು. ಅಂದಹಾಗೆ, ಹೃದಯದ ವಿಷಯ ಆದ್ದರಿಂದ ಹೇಳುತ್ತೇನೆ, ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿರುವ ಜಯದೇವ ಹೃದ್ರೋಗ ಆಸ್ಪತ್ರೆ ಸರ್ಕಾರದ್ದೇ ಸಂಸ್ಥೆ. ಅಲ್ಲಿ ಆಗೋದಾದರೆ ಖಾಸಗಿಯ ಯೋಚನೆಯೇ ಬೇಡ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಇದು ಒಬ್ಬೊಬ್ಬರಿಗೆ ಅಲ್ಲ, ಇಡೀ ಮನೆಗೆ. ಹಳೇ ಕಾಯಿಲೆ ಅಂತ ತಳ್ಳಿಹಾಕುವ ಹಾಗಿಲ್ಲ. ಎಪಿಎಲ್ ಆದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದಲ್ಲಿ 30% ಮಾತ್ರ ಸಿಗುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಅಂದರೆ ಪ್ಯಾಕೇಜ್ 1 ಲಕ್ಷ ಇದ್ದರೆ 70,000 ನಾವೇ ಹಾಕಬೇಕು. ಎಲ್ಲಾ ನಿಂತಿರೋದು ರೇಷನ್ ಕಾರ್ಡ್ ಮೇಲೆ ಅಲ್ವಾ? 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳು ರದ್ದಾಗುತ್ತಿವೆ ಅಂತ ಗಲಾಟೆ ಆದಾಗ ಎಲ್ಲರೂ ಅಕ್ಕಿ ಬಗ್ಗೆ ಮಾತಾಡಿದರು. ನನಗೆ ಹೆದರಿಕೆ ಆಗಿದ್ದು ಈ 5 ಲಕ್ಷದ ಬಗ್ಗೆ. ಕಾರ್ಡ್ ಬದಲಾದರೆ ಚಿಕಿತ್ಸೆಯ ಹಕ್ಕೂ ಬದಲಾಗುತ್ತದೆ, ಅದಕ್ಕೇ ನಿಮ್ಮ ಕಾರ್ಡ್ ಚಾಲ್ತಿಯಲ್ಲಿದೆಯಾ, ಅಮ್ಮನ ಹೆಸರು ಅದರಲ್ಲಿದೆಯಾ ಅಂತ ಈಗಲೇ ನೋಡಿಕೊಳ್ಳಿ.

ಮೊದಲು ಹೀಗಿರಲಿಲ್ಲ. 2008ರಲ್ಲಿ ಬಂದ ಕೇಂದ್ರದ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 30,000, ಅದೂ ಮನೆಯ ಐದು ಜನರಿಗೆ ಮಾತ್ರ. 2018ರಲ್ಲಿ ಆಯುಷ್ಮಾನ್ ಭಾರತ್ ಬಂತು, ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಅದರ ಜೊತೆ ಸೇರಿತು, ಮನೆಯಲ್ಲಿ ಎಷ್ಟು ಜನ ಅನ್ನೋ ಮಿತಿ ಹೋಯಿತು. 2023ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ ಈ ಯೋಜನೆಯ ಹೊಸ ಕಾರ್ಡ್ ಬಂತು. 2024ರಲ್ಲಿ ಕೇಂದ್ರ ಸರ್ಕಾರ ಆಶಾ, ಅಂಗನವಾಡಿಯವರನ್ನು ಸೇರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 70 ತುಂಬಿದವರಿಗೆ ಆದಾಯ ಎಷ್ಟೇ ಇದ್ದರೂ ಕಾರ್ಡ್ ಅಂತ ಶುರು ಮಾಡಿತು. ಒಳ್ಳೆಯದೇ. ಆದರೆ ತಿಂಗಳಾ ತಿಂಗಳಾ ಬಿಪಿ, ಶುಗರ್ ಮಾತ್ರೆಗೆ ಹೋಗುವ ದುಡ್ಡಿಗೆ ಇದರಲ್ಲಿ ಇನ್ನೂ ಜಾಗ ಇಲ್ಲ. ಬಡವರ ಮನೆ ಖಾಲಿ ಆಗೋದು ಅಲ್ಲಿಯೂ ಹೌದು, ನನಗೆ ತುಂಬಾ ಬೇಜಾರಾಗುವ ವಿಷಯ ಇದು.

ಕಾರ್ಡ್ ಇನ್ನೂ ಮಾಡಿಸಿಲ್ಲ ಅಂದರೆ ಆಧಾರ್, ರೇಷನ್ ಕಾರ್ಡ್ ತಗೊಂಡು ಗ್ರಾಮ ಒನ್ ಸೇವಾ ಕೇಂದ್ರಕ್ಕೆ ಹೋಗಿ. ಆಸ್ಪತ್ರೆಗೆ ಹೋದ ತಕ್ಷಣ ಆರೋಗ್ಯ ಮಿತ್ರ ಯಾರು ಅಂತ ಕೇಳಿ, ಯೋಜನೆಯ ಕೆಲಸಕ್ಕೇ ಇರುವವರು ಅವರು. ಟ್ರಸ್ಟ್‌ನಿಂದ ಒಪ್ಪಿಗೆ ಬಂತಾ ಅಂತ ಆಪರೇಷನ್‌ಗೆ ಮೊದಲೇ ಅವರ ಹತ್ತಿರ ಕೇಳಿ ತಿಳಿದುಕೊಳ್ಳಿ. ಅದಕ್ಕೆ ಮುಂಚೆ ಯಾರಾದರೂ ಅಡ್ವಾನ್ಸ್ ಕೇಳಿದರೆ ಕಟ್ಟಬೇಡಿ, ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಿ.